ಕತ್ತರಿಯಮ್ಮನ ನೆಲಮಾಳಿಗೆ

ಠಣ್, ಠಣ್, ಒಂದು ಸಣ್ಣ ಬಿಡುವು, ಮತ್ತೆ ಠಣ್. ಓಣಿಯ ಆ ತುದಿಯಲ್ಲಿ ಪೀಪಾಯಿ ಕಟ್ಟುವವನು ಮರದ ಹಲಗೆಗಳ ಸುತ್ತ ಕಬ್ಬಿಣದ ಪಟ್ಟಿ ಕೂರಿಸುವ ಸದ್ದು ಅದು. ಪಟ್ಟಿ ಸಡಿಲವಾಗಿರುವಷ್ಟು ಹೊತ್ತು ಸದ್ದು ಒಡಕಲು. ಬಿಗಿಯಾಗುತ್ತ ಹೋದಂತೆ ತಿಳಿಯಾಗುತ್ತದೆ. ಅದು ಕಿವಿಗೆ ಬೀಳುತ್ತಿದ್ದರೆ ಓಣಿಯವರಿಗೆ ಕ್ಯಾಲೆಂಡರ್ ಬೇಕಿಲ್ಲ. ಚಳಿಯಲ್ಲಿ ಆ ಸುತ್ತಿಗೆ ಸೋಮಾರಿ, ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ ಚುರುಕು, ಕೊಯ್ಲು ಹತ್ತಿರ ಬಂದಾಗ ಅದಕ್ಕೆ ಊಟದ ಬಿಡುವೂ ಇರುವುದಿಲ್ಲ.

ಓಣಿಯ ಈ ತುದಿಯಲ್ಲಿ, ಇಳಿಜಾರಿಗೆ ಬೆನ್ನು ಕೊಟ್ಟು ನಿಂತಿರುವ ಮನೆಯಲ್ಲಿ ಕತ್ತರಿಯಮ್ಮ ಇರುತ್ತಾಳೆ. ಮನೆಯ ಹಿಂದೆ ಅವಳ ದ್ರಾಕ್ಷಿತೋಟ, ಮನೆಯ ಅಡಿಯಲ್ಲಿ ವೈನಿನ ತೊಟ್ಟಿ, ಪೀಪಾಯಿಗಳಿರುವ ಅವಳ ನೆಲಮಾಳಿಗೆ. ಅಂಗಳದಲ್ಲಿ ನೆಲಮಾಳಿಗೆಯ ಗಾಳಿಕಿಂಡಿಯ ಪಕ್ಕದಲ್ಲೊಂದು ಕಲ್ಲುಬೆಂಚು. ಅವಳಿಗೆ ಎಡಗಿವಿ ಚಿಕ್ಕಂದಿನಲ್ಲೇ ಹೋಗಿದೆ. ಬಲಗಿವಿಯನ್ನು ಕಿಂಡಿಯ ಕಡೆಗೆ ಮಾಡಿಕೊಂಡು ಆ ಬೆಂಚಿನ ಮೇಲೆ ಕೂರುವುದು ರೂಢಿ. ಹಾಗಾಗಿ ಓಣಿಗೆ ತಿರುಗಿರುವುದು ಕೇಳದ ಕಿವಿ. ಊರಿನ ಮಾತಿಗೆ ಕೆಟ್ಟ ಕಿವಿ, ತೊಟ್ಟಿಯ ಮಾತಿಗೆ ಒಳ್ಳೆ ಕಿವಿ ಇಟ್ಟುಕೊಂಡ ಹೆಂಗಸು ಎಂದು ಜನ ನಗುತ್ತಾರೆ. ಅವಳೂ ನಗುತ್ತಾಳೆ, ಅದು ಕೇಳಿಸಿದರೆ.

ಕತ್ತರಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪೀಪಾಯಿಯವನಿಗೆ ಸುತ್ತಿಗೆಯ ಜೊತೆ ಇನ್ನೊಂದು ಕಸುಬಿದೆ, ಜನಕ್ಕೆ ಹೆಸರಿಡುವುದು. ಇವತ್ತಿನ ಕಾಗದವನ್ನು ಇವತ್ತೇ ತಂದುಕೊಟ್ಟು ಗೊತ್ತಿಲ್ಲದ ಅಂಚೆಯವನು ಓಣಿಗೆಲ್ಲ 'ನಾಳೆ'. ಬ್ರೆಡ್ಡಿನ ತಳ ಒಮ್ಮೆ ಸುಟ್ಟಿದ್ದ ಬೇಕರಿಯವನು ಇವತ್ತಿಗೂ 'ಕರಕಲು'. ಅವನು ಇಟ್ಟ ಹೆಸರು ಅವನು ಬಡಿದ ಪಟ್ಟಿಯ ಹಾಗೆಯೇ. ಕೂತರೆ ಕೂತಿತು, ಮನುಷ್ಯನ ಮೈಯಿಂದ ಮತ್ತೆ ಕಳಚುವುದಿಲ್ಲ.

ಕತ್ತರಿಯಮ್ಮ ಸೊಸೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಅತ್ತೆ ಜ್ವರ ಬಂದು ಮಲಗಿದ್ದರು. ಬಳ್ಳಿ ಕತ್ತರಿಸುವ ಕೆಲಸ ಹಾಗೇ ನಿಂತಿತ್ತು. ತವರಿನಲ್ಲಿ ಇದ್ದದ್ದು ಗುಲಾಬಿ ಗಿಡಗಳು. ಅವನ್ನು ಎಷ್ಟು ಬುಡಕ್ಕೆ ಕತ್ತರಿಸಿದರೆ ಅಷ್ಟು ಹೂ. ಅತ್ತೆ ಏಳುವಷ್ಟರಲ್ಲಿ ಒಂದು ಸಾಲನ್ನಾದರೂ ಮುಗಿಸಿಟ್ಟು ಶಹಬಾಸ್ ಅನ್ನಿಸಿಕೊಳ್ಳೋಣವೆಂದು, ಬಾವಿ ಪಕ್ಕದ ಸಾಲನ್ನು ಹೊಸ ಸೊಸೆ ಬೋಳಿಸಿಬಿಟ್ಟಳು. ದ್ರಾಕ್ಷಿ ಗೊಂಚಲು ಬಿಡುವುದು ಹೋದ ವರ್ಷದ ಕಡ್ಡಿಯ ಮೇಲಿನ ಚಿಗುರುವ ಕಣ್ಣಿನಿಂದ. ಆ ಕಡ್ಡಿಗಳೆಲ್ಲ ನೆಲದಲ್ಲಿ ಬಿದ್ದಿದ್ದವು. ಆ ವರ್ಷ ಬಾವಿ ಪಕ್ಕದ ಸಾಲಿನಲ್ಲಿ ಎಲೆಗಳಿಗೇನೂ ಕೊರತೆಯಿರಲಿಲ್ಲ, ಹುಡುಕಿದರೂ ಒಂದು ಗೊಂಚಲೂ ಸಿಗಲಿಲ್ಲ.

ಗಂಡ ಬೋಳು ಸಾಲಿನ ಮುಂದೆ ನಿಂತು, ತಲೆ ಕೆರೆದುಕೊಂಡು, "ಬೇರು ಇದೆಯಲ್ಲ, ಬರೋ ವರ್ಷ ಚಿಗುರುತ್ತೆ ಬಿಡು" ಎಂದಿದ್ದ. ಅತ್ತೆ ಏನೂ ಅನ್ನಲಿಲ್ಲ. ಅಂದದ್ದು ಪೀಪಾಯಿಯವನು, ಅದೂ ಒಂದೇ ಶಬ್ದ. ವಾರ ಕಳೆಯುವುದರಲ್ಲಿ ತರಕಾರಿ ಗಾಡಿಯವನೂ ಅವಳನ್ನು ಕತ್ತರಿ ಎಂದೇ ಕೂಗಿದ. ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು, ಬಾವಿ ಪಕ್ಕದ ಸಾಲು ಈಗ ತೋಟಕ್ಕೇ ಮೇಲು. ಹೊಸಬರು ಆ ಹೆಸರು ಕೇಳಿ, ಬಳ್ಳಿ ಕತ್ತರಿಸುವುದರಲ್ಲಿ ಎತ್ತಿದ ಕೈ ಇರಬೇಕು ಅಂದುಕೊಳ್ಳುತ್ತಾರೆ. ಅದೂ ಸುಳ್ಳಲ್ಲ. ಆದರೂ ಯಾರಾದರೂ ಅನಿರೀಕ್ಷಿತವಾಗಿ ಹಾಗೆ ಕರೆದಾಗ, ಅರವತ್ತು ದಾಟಿದ ಆ ಹೆಂಗಸಿನ ಒಳಗೆ ಕೆಳಗೆ ಬಿದ್ದ ಕಡ್ಡಿಗಳನ್ನು ನೋಡುತ್ತ ನಿಂತ ಹುಡುಗಿಯೊಬ್ಬಳು ಒಂದು ಕ್ಷಣ ತಲೆ ತಗ್ಗಿಸುತ್ತಾಳೆ. ಇದನ್ನು ಅವಳು ಯಾರಿಗೂ ಹೇಳಿಲ್ಲ.

ತೋಟ ದೊಡ್ಡದೇನಲ್ಲ. ಮೇಲಿನ ಸಾಲಿನಲ್ಲಿ ನಿಂತು ಕೂಗಿದರೆ ಅಡಿಗೆಮನೆಯಲ್ಲಿದ್ದವರು ಓ ಅನ್ನಬಹುದು. ಸಾಲುಗಳ ನಡುವೆ ಹುರುಳಿ, ಬಟಾಣಿ ಚೆಲ್ಲಿರುತ್ತಾಳೆ. ಹೂ ಬಿಡುವ ಹೊತ್ತಿಗೆ ಮಗುಚಿ ಮಣ್ಣಿಗೇ ಉಣಿಸುತ್ತಾಳೆ. ಕಳೆ ಕೀಳುವುದು, ಬಸವನಹುಳು ಹೆಕ್ಕುವುದು ಹೆಬ್ಬಾತುಗಳ ಪಾಲು. ಎಲೆಯ ಮೇಲೆ ಬಿಳಿ ಬೂದಿ ಕಂಡರೆ ಹಾಲಿಗೆ ನೀರು ಬೆರೆಸಿ ಚಿಮುಕಿಸುತ್ತಾಳೆ. ಔಷಧಿ ಡಬ್ಬಿ ಮಾರುವವರು ಗೇಟಿನ ತನಕ ಬರುತ್ತಾರೆ. ಹೆಬ್ಬಾತುಗಳು ಕತ್ತು ಚಾಚಿ ಅಟ್ಟಿಸಿಕೊಂಡು ಬಂದ ಮೇಲೆ ಎರಡನೇ ಸಲ ಬರುವುದಿಲ್ಲ.

ವೈನ್ ಮಾಡುವ ರೀತಿಯೂ ಅಷ್ಟೇ ಸರಳ. ಗೊಂಚಲುಗಳನ್ನು ಮರದ ಜಾಲರಿಯ ಮೇಲೆ ಕೈಯಿಂದ ಉಜ್ಜಿ ಹಣ್ಣು ಬಿಡಿಸುವುದು, ತೊಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿಯುವುದು, ಆಮೇಲೆ ಕಾಯುವುದು. ರಸ ತಾನಾಗಿಯೇ ಹುದುಗುತ್ತದೆ. ಸಿಪ್ಪೆಗಳು ಉಬ್ಬಿ ಮೇಲೆದ್ದು ದಪ್ಪನೆಯ ಕೆನೆಯಾಗುತ್ತವೆ. ತುದಿಗೆ ಹಲಗೆ ಬಡಿದ ಉದ್ದನೆಯ ಒತ್ತುಕೋಲಿನಿಂದ ಅವನ್ನು ದಿನಕ್ಕೆ ಹಲವು ಸಲ ಕೆಳಗೆ ಒತ್ತಬೇಕು. ಅಕ್ಕಪಕ್ಕದ ತೋಟದವರು ಹುದುಗು ಬರಿಸಲು ಅಂಗಡಿಯಿಂದ ಪೊಟ್ಟಣ ತರುತ್ತಾರೆ. ಈ ಮನೆಗೆ ಪೊಟ್ಟಣ ಬಂದದ್ದಿಲ್ಲ. ಹುದುಗು ಆ ನೆಲಮಾಳಿಗೆಯಲ್ಲೇ ಇತ್ತು: ಗೋಡೆಯ ಮೇಲಿನ ಕಪ್ಪು ಮಖಮಲ್ಲಿನಂಥ ಬೂಷ್ಟಿನಲ್ಲಿ, ಪೀಪಾಯಿಗಳ ಸಂದಿಯಲ್ಲಿ, ತೊಟ್ಟಿಯ ಹಲಗೆಗಳ ಬಿರುಕಿನಲ್ಲಿ. ಹೊಸ ರಸ ಇಳಿದ ಕೂಡಲೇ ಮೊಸರಿನ ಪಾತ್ರೆಗೆ ಹಾಲು ಹೊಯ್ದ ಹಾಗೆ ತಾನೇ ಹಿಡಿಯುತ್ತಿತ್ತು. ಕತ್ತರಿಯಮ್ಮ ತೊಟ್ಟಿಗೆ ಬಲಗಿವಿ ಒತ್ತಿ ಕೂರುತ್ತಿದ್ದಳು. ಮೊದಲು ದೂರದಲ್ಲಿ ಮಳೆ ಬಂದ ಹಾಗೆ, ಆಮೇಲೆ ಸಂತೆಯ ಗದ್ದಲದ ಹಾಗೆ, ಕಡೆಗೆ ಮಲಗಿದ ಮಗುವಿನ ಉಸಿರಿನ ಹಾಗೆ ಕೇಳಿಸುತ್ತದೆ ಎಂದು ಅವಳು ಹೇಳುವುದುಂಟು.

ಅವಳ ಮಗ ಊರಿನ ಬಸ್ ಓಡಿಸುತ್ತಾನೆ. ಬೆಳಗಿನ ಪಾಳಿಯ ಬಸ್ಸಿನಲ್ಲಿ ದಿನಾ ಮುಂದಿನ ಸೀಟಿನಲ್ಲಿ ಕೂತು ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುತ್ತಿದ್ದ ನರ್ಸ್ ಒಬ್ಬಳಿದ್ದಳು. ಅವಳು ಇಳಿದ ಮೇಲೂ ಬಸ್ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತದೆ ಎಂದು ಹಿಂದಿನ ಸೀಟಿನವರು ಗೊಣಗತೊಡಗಿದಾಗ ಮದುವೆ ಮಾಡುವುದೇ ಲೇಸೆನಿಸಿತು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಸೊಸೆಗೆ ಕೆಲಸ. ಮೆಲುದನಿಯವಳು. ಬಂದ ಹೊಸದರಲ್ಲಿ ಬೆಂಚಿನ ಎಡಗಡೆ ಕೂತು ಏನೇನೋ ಕೇಳುತ್ತಿದ್ದಳಂತೆ. ಅತ್ತೆ ಉತ್ತರವನ್ನೇ ಕೊಡದಿದ್ದಾಗ ಒಳಗೆ ಹೋಗಿ ಕಣ್ಣೊರೆಸಿಕೊಂಡಳಂತೆ. ಅಮ್ಮನ ಬಲಗಡೆ ಕೂರಬೇಕು ಎಂದು ಗಂಡ ಹೇಳಿಕೊಟ್ಟ ಮೇಲೆ ಎಲ್ಲ ಸರಿಹೋಯಿತು. ಆ ಬೆಂಚಿನಲ್ಲಿ, ಕತ್ತರಿಯಮ್ಮನಿಗೂ ಗಾಳಿಕಿಂಡಿಗೂ ನಡುವೆ ಕೂರುವ ಧೈರ್ಯ ಮಾಡಿದವಳು ಅವಳೊಬ್ಬಳೇ. ಅವಳ ಕೈಗಳಿಂದ ಸದಾ ಸೋಪಿನ ವಾಸನೆ. ಕತ್ತರಿಯಮ್ಮನಿಗೆ ಆ ವಾಸನೆ ಹಿತವಾಗಿತ್ತು.

ಈ ವರ್ಷ ಕೊಯ್ಲಿಗೆ ಮುಂಚೆ ಕತ್ತರಿಯಮ್ಮನ ತಂಗಿಗೆ ಮಂಡಿ ಆಪರೇಷನ್ ಆಯಿತು. ಅವಳನ್ನು ನೋಡಿಕೊಳ್ಳಲು ಇವಳು ಹೋದಳು. ಹೋಗುವ ಮೊದಲು ಸೊಸೆಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ: ಹೆಬ್ಬಾತುಗಳಿಗೆ ನೀರು ಎಲ್ಲಿಡಬೇಕು, ಹಣ್ಣಿನ ಬೀಜ ಕಂದಾಗಿದೆಯೇ ಎಂದು ಹೇಗೆ ನೋಡಬೇಕು, ಹಿಡಿ ಸೀಳಿದ ಒತ್ತುಕೋಲನ್ನು ರಿಪೇರಿಗೆ ಪೀಪಾಯಿಯವನಿಗೆ ಕಳಿಸಬೇಕು. ನೆಲಮಾಳಿಗೆಯನ್ನು ತೊಳೆಯಬೇಡ ಎಂದು ಮಾತ್ರ ಹೇಳಲಿಲ್ಲ. ಅವಳಿಗೂ ಅದನ್ನು ಯಾರೂ ಹೇಳಿರಲಿಲ್ಲ. ತೊಳೆಯಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಅವಳು ವಾಪಸ್ಸು ಬಂದ ದಿನ ಚೀಲ ಕೆಳಗಿಡುವುದಕ್ಕೂ ಬಿಡದೆ ಸೊಸೆ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ದೀಪ ಹಾಕಿದಳು.

ಗೋಡೆಗಳು ಹೊಸ ಸುಣ್ಣದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ನೆಲದ ಕಲ್ಲುಗಳಿಗೆ ಒಂದೊಂದಕ್ಕೂ ಒಂದೊಂದು ಬಣ್ಣವಿದೆ ಎಂದು ಅವಳಿಗೆ ಗೊತ್ತಾದದ್ದು ಅವತ್ತು. ಪೀಪಾಯಿಗಳನ್ನು ಸೋಡಾ ಹಾಕಿ ಉಜ್ಜಿದೆ, ದೊಡ್ಡ ತೊಟ್ಟಿಗೆ ಕುದಿಯುವ ನೀರು ಹೊಯ್ದೆ, ಜಾಲರಿಯನ್ನು ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿಟ್ಟಿದ್ದೆ ಎಂದು ಸೊಸೆ ಒಂದೊಂದನ್ನೇ ಮುಟ್ಟಿ ತೋರಿಸಿದಳು. ರಜೆ ಹಾಕಿ, ಯಾರ ಸಹಾಯವೂ ಇಲ್ಲದೆ, ಅತ್ತೆ ಬರುವುದರೊಳಗೆ ಮುಗಿಸಿದ್ದಳು.

"ಹೇಗಿದೆ ಅತ್ತೆ?"

ಕಪ್ಪು ಬೂಷ್ಟಿನ ಒಂದು ಚೂರೂ ಉಳಿದಿಲ್ಲವೆಂದು ಕತ್ತರಿಯಮ್ಮನಿಗೆ ತಿಳಿಯಿತು. ಆದರೆ ಅವಳ ಕಣ್ಣು ಹೋದದ್ದು ಗೋಡೆಯ ಕಡೆಗಲ್ಲ. ತೋರಿಸುತ್ತಿದ್ದ ಆ ಬೆರಳುಗಳು ಸುಣ್ಣಕ್ಕೆ, ಸೋಡಾಕ್ಕೆ ಬಿರಿದು, ಉಗುರಿನ ಬುಡದಲ್ಲೆಲ್ಲ ಕೆಂಪಾಗಿದ್ದವು.

"ಕನ್ನಡಿ ಹಾಗಿದೆ ಮಗಳೇ" ಎಂದಳು. ಮೇಲೆ ಬಂದು, ಎಣ್ಣೆ ಬೆಚ್ಚಗೆ ಮಾಡಿ, ಆ ಕೈಗಳಿಗೆ ಹಚ್ಚುತ್ತ ಕೂತಳು.

ಕೊಯ್ಲು ಚೆನ್ನಾಗಿಯೇ ಆಯಿತು. ಗೊಂಚಲುಗಳನ್ನೂ ತೊಳೆಸಿದ ಸೊಸೆ, ತುಳಿಯುವ ಹೊತ್ತಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಆಪರೇಷನ್ನಿಗೆ ಹೋಗುವ ಡಾಕ್ಟರುಗಳ ಹಾಗೆ ಮಂಡಿಯವರೆಗೆ ಕಾಲು ತಿಕ್ಕಿಸಿದಳು. ಮಗ, "ಅಮ್ಮ, ನನ್ನ ಕಾಲು ಇಷ್ಟು ಬೆಳ್ಳಗಿದೆ ಅಂತ ನನಗೇ ಗೊತ್ತಿರಲಿಲ್ಲ" ಎಂದು ನಕ್ಕ. ಕತ್ತರಿಯಮ್ಮನೂ ಬಾಯಿ ಮುಚ್ಚಿಕೊಂಡು ತಿಕ್ಕಿಸಿಕೊಂಡಳು. ರಸ ತೊಟ್ಟಿಗಿಳಿಯಿತು. ಕಡುಕೆಂಪು, ಒಳ್ಳೆಯ ಸಿಹಿ. ಮಾರನೆಯ ದಿನ ಅವಳು ತೊಟ್ಟಿಗೆ ಕಿವಿಯಿಟ್ಟಳು. ಅದರ ಮಾರನೆಯ ದಿನವೂ ಇಟ್ಟಳು. ಒಳಗೆ ಏನೂ ಇರಲಿಲ್ಲ. ಖಾಲಿ ಮನೆಯ ಬಾಗಿಲಿಗೆ ಕಿವಿ ಕೊಟ್ಟ ಹಾಗಿತ್ತು.

ಹುದುಗು ಹಿಡಿಯದ ರಸ ಬಹಳ ದಿನ ಸುಮ್ಮನಿರುವುದಿಲ್ಲ. ಬೂಷ್ಟು ಹತ್ತುತ್ತದೆ, ಇಲ್ಲವೇ ಹುಳಿಯಾಗುತ್ತದೆ. ಒಂದು ವರ್ಷದ ತೋಟವೆಲ್ಲ ಆ ಒಂದು ತೊಟ್ಟಿಯಲ್ಲಿತ್ತು. ಪೊಟ್ಟಣ ತರಬಹುದಿತ್ತು, ಹಟಕ್ಕೆ ಬಿದ್ದು ವೈನ್ ಕಳೆದುಕೊಳ್ಳುವಂಥ ಹೆಂಗಸಲ್ಲ ಅವಳು. ಆದರೆ ಪೊಟ್ಟಣ ಸಿಗುವ ಅಂಗಡಿ ಒಂದೇ, ಆ ಅಂಗಡಿಯವನ ಬಾಯಿಗೆ ಬೀಗವಿಲ್ಲ. ಕತ್ತರಿಯಮ್ಮ ಪೊಟ್ಟಣ ಕೇಳಿದಳು ಎಂದರೆ, ಯಾಕೆ ಎಂದು ಪೀಪಾಯಿಯವನು ಕೇಳುತ್ತಾನೆ. ಯಾಕೆ ಎಂದು ತಿಳಿದ ಮೇಲೆ ಅವನು ಒಂದೇ ಒಂದು ಶಬ್ದ ಹೇಳುತ್ತಾನೆ. ಅದು ಏನಿರಬಹುದು ಎಂದು ಅವಳು ಊಹಿಸುತ್ತಿದ್ದಳು. ಸೋಪು. ಸುಣ್ಣ. ಬ್ಲೀಚಿಂಗ್. ಯಾವುದಾದರೂ ಒಂದು. ಸೊಸೆಗೆ ಮಕ್ಕಳಾಗಿ, ಕೂದಲು ನೆರೆತು, ಅವಳ ಕೈಯಲ್ಲಿ ಈ ತೋಟ ಇವತ್ತಿಗಿಂತ ಹೆಚ್ಚು ಫಲ ಕೊಡುವ ಕಾಲಕ್ಕೂ ತರಕಾರಿ ಗಾಡಿಯವನು ಅದನ್ನೇ ಕೂಗುತ್ತಿರುತ್ತಾನೆ.

ಹಾಗಾಗಬಾರದು ಎಂದು ಕತ್ತರಿಯಮ್ಮ ಗಟ್ಟಿ ಮಾಡಿಕೊಂಡಳು. ಊರಿಗೆ ಗೊತ್ತಾಗಬಾರದು, ಅದಕ್ಕಿಂತ ಮೊದಲು ಸೊಸೆಗೇ ಗೊತ್ತಾಗಬಾರದು.

ಈ ಸಲ ಚಳಿ ಬೇಗ ಬಂತು, ತಣ್ಣಗಿದ್ದರೆ ರಸ ಏಳುವುದು ತಡ ಎಂದು ಮನೆಯಲ್ಲಿ ಹೇಳಿದಳು. ಮಗ ತಲೆಯಾಡಿಸಿ ಡ್ಯೂಟಿಗೆ ಹೋದ. ಸೊಸೆ ಸ್ವಲ್ಪ ಹೊತ್ತಿನ ಮೇಲೆ ವಾರ್ಡಿನ ಥರ್ಮಾಮೀಟರ್ ಒಂದನ್ನು ತೊಟ್ಟಿಯಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿ, ಒರೆಸಿ ಒಳಗಿಟ್ಟಳು. ಅತ್ತೆ ನೋಡಿಯೂ ನೋಡದ ಹಾಗೆ ಇದ್ದಳು.

ಗುಟ್ಟಾಗಿ ಒಂದು ಉಪಾಯ ಮಾಡಿದಳು. ಹೆಬ್ಬಾತುಗಳ ಗೂಡಿನ ಹಿಂದೆ ಕೊಯ್ಯದೆ ಬಿಟ್ಟ ಒಂದು ಬಳ್ಳಿಯಿತ್ತು. ಅದರ ಹಣ್ಣನ್ನು ತೊಳೆಯದೆ ಜಾಡಿಯಲ್ಲಿ ಕಿವುಚಿ, ಬಾಯಿಗೆ ಬಟ್ಟೆ ಕಟ್ಟಿ, ಗೂಡಿನ ಪಕ್ಕದ ಬಂಡೆಯ ಮೇಲೆ ಬಿಸಿಲಿಗಿಟ್ಟಳು. ಹಣ್ಣಿನ ಮೈಮೇಲೆ ಇರುವಷ್ಟು ಹುದುಗಾದರೂ ಏಳಲಿ, ಅದನ್ನೇ ಹೆಪ್ಪಿನ ಹಾಗೆ ತೊಟ್ಟಿಗೆ ಹಾಕಿದರಾಯಿತು ಎಂದುಕೊಂಡಳು. ಮಧ್ಯಾಹ್ನ ಹೋಗಿ ನೋಡಿದರೆ ಜಾಡಿ ಗೂಡಿನ ನೆರಳಿನಲ್ಲಿತ್ತು. ತಾನೇ ಮರೆತಿರಬೇಕು ಎಂದು ಮತ್ತೆ ಬಿಸಿಲಿಗಿಟ್ಟಳು. ಮರುದಿನ ಮತ್ತೆ ನೆರಳಿಗೆ ಬಂದಿತ್ತು. ಮತ್ತೆ ಬಿಸಿಲಿಗಿಟ್ಟಳು. ಮೂರನೇ ಸಲ ಹಾಗೇ ಆದಾಗ ಅವಳು ಹೆಬ್ಬಾತುಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ನಿಮಗೆ ಯಾವಾಗಿನಿಂದ ಕೈ ಬಂದವು ಎಂದು ಕೇಳಿದಳು. ಅವು ತಪ್ಪು ಒಪ್ಪಿಕೊಂಡ ಹಾಗೆ ಕಾಣಲಿಲ್ಲ.

ಬಿಸಿಲು ನೆರಳುಗಳ ನಡುವೆ ಓಡಾಡಿ ಓಡಾಡಿ ಜಾಡಿ ಕೆಟ್ಟಿತು. ಬಟ್ಟೆ ಬಿಚ್ಚಿದರೆ ಮೂಗಿಗೆ ರಾಚುವ ಹುಳಿ. ಅವತ್ತೇ ತೊಟ್ಟಿಯ ಅಂಚಿನಲ್ಲೊಂದು ಕಡೆ ತೆಳ್ಳನೆಯ ಬಿಳಿ ಪೊರೆ ಕಾಣಿಸಿಕೊಂಡಿತು. ಕತ್ತರಿಯಮ್ಮ ಅದನ್ನು ಸೌಟಿನಿಂದ ತೆಗೆದು ಹೊರಗೆ ಚೆಲ್ಲಿ ಬೆಂಚಿನ ಮೇಲೆ ಬಂದು ಕೂತಳು. ಕಿಂಡಿಯ ಕಡೆಗೆ ಕಿವಿಕೊಡುವ ಧೈರ್ಯವೂ ಆಗಲಿಲ್ಲ.

ಆಗಲೇ ಓಣಿಯ ಸುತ್ತಿಗೆ ನಿಂತಿತು. ಹೆಗಲ ಮೇಲೆ ಒತ್ತುಕೋಲು ಇಟ್ಟುಕೊಂಡು ಪೀಪಾಯಿಯವನು ಗೇಟು ತಳ್ಳಿಕೊಂಡು ಬಂದ. ಹೆಬ್ಬಾತುಗಳು ಅವನೊಬ್ಬನಿಗೆ ಮಾತ್ರ ಹೆದರುತ್ತವೆ, ಅವಕ್ಕೂ ಹೆಸರಿಟ್ಟಿದ್ದಾನೆ.

"ಏನ್ ಕತ್ತರಿ, ಕೊಯ್ಲು ಮುಗಿದು ಇಷ್ಟು ದಿನ ಆಯ್ತು. ಒತ್ತುಕೋಲು ಎಲ್ಲಿ ಅಂತ ನಿಮ್ಮ ಮನೆಯಿಂದ ಒಂದು ನರಪಿಳ್ಳೆನೂ ಬರಲಿಲ್ಲ. ಸಿಪ್ಪೆನ ಕೈಯಲ್ಲೇ ಒತ್ತುತಿದೀರಾ?"

ಕತ್ತರಿಯಮ್ಮನಿಗೆ ಒತ್ತುಕೋಲು ಮರೆತೇಹೋಗಿತ್ತು. ಸಿಪ್ಪೆ ಮೇಲೆದ್ದಿದ್ದರೆ ತಾನೇ ನೆನಪಾಗಲು. ಅದು ಅವನಿಗೂ ಹೊಳೆದಿತ್ತು. ಅವನು ಕಿಂಡಿಯ ಕಡೆ ನೋಡಿದ, ಅವಳ ಮುಖ ನೋಡಿದ, ಕೆಳಗೆ ಹೋಗಿ ಒಂದು ಸಲ ಕೇಳಿ ಬರುತ್ತೇನೆ ಎಂದ. ಮೆಟ್ಟಿಲು ಒದ್ದೆಯಾಗಿದೆ, ಬೇಡ ಎಂದಳು. ಆ ಒದ್ದೆ ಮೆಟ್ಟಿಲನ್ನು ಇಳಿದು ಹತ್ತಿಯೇ ತಾನು ಮುದುಕನಾಗಿದ್ದು ಎಂದು ಅವನು ಮುಂದೆ ಹೆಜ್ಜೆಯಿಟ್ಟ. ಅವಳು ಎದ್ದು ಬಾಗಿಲಿಗೆ ಅಡ್ಡ ನಿಂತಳು. ಅಷ್ಟರಲ್ಲಿ ಕಿಂಡಿಯಿಂದ ಗಾಳಿ ಬೀಸಿತು. ಅವನ ಮೂಗು ಅರಳಿತು.

"ಇದೇನು, ಆಸ್ಪತ್ರೆ ವಾಸನೆ?"

ಅವನ ಕಣ್ಣು ನಿಧಾನವಾಗಿ ಹಗ್ಗದ ಮೇಲೆ ಒಣಗುತ್ತಿದ್ದ ನರ್ಸಿನ ಬಿಳಿ ಬಟ್ಟೆಯ ಮೇಲೆ ಹೋಗಿ ನಿಂತಿತು. ಕೆಳತುಟಿ ಸ್ವಲ್ಪ ಮುಂದೆ ಬಂತು. ಆ ತುಟಿಯನ್ನು ಕತ್ತರಿಯಮ್ಮ ಬಲ್ಲಳು. ಬೋಳು ಸಾಲಿನ ಮುಂದೆ ನಿಂತ ದಿನವೂ ಅದು ಹಾಗೆಯೇ ಮುಂದೆ ಬಂದಿತ್ತು.

"ನಾನೇ ತೊಳೆದೆ" ಎಂದಳು.

"ಏನನ್ನ?"

"ನೆಲಮಾಳಿಗೆನ. ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಸುಣ್ಣ ಹೊಡೆಸಿದೆ. ವಯಸ್ಸಾಯ್ತು, ಬುದ್ಧಿ ಹೋಯ್ತು. ಏನು ಹೆಸರಿಡ್ತೀಯೋ ನನಗಿಡು."

"ನಿನಗೆ ಒಂದಿದೆಯಲ್ಲ ಕತ್ತರಿ."

"ಪಕ್ಕದಲ್ಲಿ ಇನ್ನೊಂದಿರಲಿ. ನನಗೇನೂ ಭಾರ ಆಗಲ್ಲ."

ಮುಂದೆ ಬಂದಿದ್ದ ಅವನ ತುಟಿ ಹಿಂದೆ ಹೋಯಿತು. ಹೆಗಲ ಮೇಲಿದ್ದ ಒತ್ತುಕೋಲು ಇಳಿಸಿ ಬೆಂಚಿಗೆ ಒರಗಿಸಿದ.

"ಹಿಡಿ ಹೊಸದು. ಹಲಗೆ ಮುಟ್ಟಿಲ್ಲ. ಹೋದ ವರ್ಷದ ಸಿಪ್ಪೆ ಇನ್ನೂ ಅದಕ್ಕೇ ಅಂಟಿಕೊಂಡಿದೆ. ರಿಪೇರಿಗೆ ಕೊಡೋವಾಗ ಒಂದು ಚೊಂಬು ನೀರಾದ್ರೂ ಹಾಕಿ ಕೊಡಬಾರದಿತ್ತಾ ಅಂತ ಬೈಕೊಂಡೇ ಕೆಲಸ ಮಾಡಿದೆ" ಎಂದವನು, ಹೆಬ್ಬಾತುಗಳನ್ನು ಕಾಲಿನಿಂದ ಸರಿಸುತ್ತ ಹೊರಟುಹೋದ.

ಕತ್ತರಿಯಮ್ಮ ಒತ್ತುಕೋಲನ್ನು ಎತ್ತಿ ತುದಿಯ ಹಲಗೆಯನ್ನು ಮೂಗಿನ ಹತ್ತಿರ ತಂದಳು. ಕಪ್ಪಗೆ, ಜಿಗುಟಾಗಿ, ಹಳೇ ನೆಲಮಾಳಿಗೆ ಅಂಗೈಯಗಲದಷ್ಟು ಆ ಮರದಲ್ಲಿ ಉಳಿದಿತ್ತು. ಆ ವಾಸನೆಗೆ ಅವಳ ಕಣ್ಣು ತುಂಬಿ ಬಂತು.

"ಯಾಕತ್ತೆ ಸುಳ್ಳು ಹೇಳಿದ್ರಿ?"

ಸೊಸೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಲಗಡೆಯಿಂದಲೇ ಬಂದಿದ್ದಳು, ಕೇಳಿಸಲಿಲ್ಲ ಅನ್ನುವ ಹಾಗಿರಲಿಲ್ಲ. ಅವಳಿಗೆ ಎಲ್ಲವೂ ಗೊತ್ತಿತ್ತು. ತೊಟ್ಟಿಯ ರಸ ಬೇಸಿಗೆಯಷ್ಟೇ ಬೆಚ್ಚಗಿದೆ ಎಂದು ಥರ್ಮಾಮೀಟರ್ ಹೇಳಿದ ದಿನವೇ ಗೊತ್ತಾಗಿತ್ತು. ಸೂಕ್ಷ್ಮಜೀವಿಗಳನ್ನು ಕೊಲ್ಲುವುದನ್ನು ತನಗೆ ವರ್ಷಗಟ್ಟಲೆ ಕಲಿಸಿದ್ದಾರೆ, ಒಂದನ್ನೂ ಬಿಡದ ಹಾಗೆ ಕೊಂದಿದ್ದೇನೆ ಎಂದಳು. ಅತ್ತೆ ಬಯ್ಯಲಿ ಎಂದು ಕಾಯುತ್ತಿದ್ದಳಂತೆ. ಬಯ್ಯುವ ಬದಲು ದಿನಾ ಕೈಗೆ ಎಣ್ಣೆ ಹಚ್ಚುತ್ತಿದ್ದುದರಿಂದ ಬಾಯಿ ಬಿಡುವುದು ಹೇಗೆಂದು ತಿಳಿಯದೆ ಸುಮ್ಮನಿದ್ದಳಂತೆ.

"ಗೂಡಿನ ಹಿಂದಿನ ಜಾಡಿನೂ ನೋಡಿದೆ" ಎಂದಳು. "ಅಷ್ಟು ಬಿಸಿಲಿಗಿಟ್ಟರೆ ಸತ್ತೇ ಹೋಗುತ್ತೆ ಅಂತ ದಿನಾ ನೆರಳಿಗೆ ತಂದಿಡ್ತಿದ್ದೆ. ಮತ್ತೆ ನೋಡಿದ್ರೆ ಬಿಸಿಲಲ್ಲೇ ಇರೋದು. ಈ ಹೆಬ್ಬಾತುಗಳೇ ದಬ್ಬುತ್ತವೇನೋ ಅಂದ್ಕೊಂಡೆ."

ಕತ್ತರಿಯಮ್ಮ ಅವಳನ್ನೇ ನೋಡಿದಳು. ಆಮೇಲೆ ಹೆಬ್ಬಾತುಗಳನ್ನು ನೋಡಿದಳು. ಅಳಬೇಕೆಂದು ತಯಾರಾಗಿದ್ದ ಮುಖದಲ್ಲಿ ನಗು ಬಂದು ಎರಡೂ ಕೆಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದಳು. ಸೊಸೆಯೂ ಪಕ್ಕದಲ್ಲಿ ಕೂತಳು. ಇಬ್ಬರೂ ನಗುತ್ತಿರುವುದು ತಮ್ಮನ್ನೇ ಎಂದು ಹೆಬ್ಬಾತುಗಳಿಗೆ ಗೊತ್ತಾಗಿ ಅವು ಮುಖ ತಿರುಗಿಸಿಕೊಂಡು ತೋಟದೊಳಗೆ ಹೋದವು.

ಆ ಮೇಲಿನ ಕೆಲಸ ಇಬ್ಬರದು. ಕತ್ತರಿಯಮ್ಮ ಒತ್ತುಕೋಲಿನ ಹಲಗೆಯನ್ನು ಚಾಕುವಿನಿಂದ ತೆಳ್ಳಗೆ ಹೆರೆದು ಒಂದು ಬಟ್ಟಲಿನ ರಸಕ್ಕೆ ಹಾಕಿದಳು. ಅದನ್ನು ಕಾಯಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಈ ಮನೆಯಲ್ಲಿ ಹುದುಗನ್ನು ಬದುಕಿಸಬೇಕಾಗಿ ಬಂದದ್ದೇ ಇಲ್ಲ, ಅದು ಯಾವಾಗಲೂ ಇದ್ದದ್ದು. ಸಾಯುತ್ತಿರುವ ಸಣ್ಣ ಜೀವವನ್ನು ಉಳಿಸುವುದು ಸೊಸೆಗೆ ಗೊತ್ತಿತ್ತು. ಟವೆಲು ಸುರುಳಿ ಸುತ್ತಿ ಗೂಡು ಮಾಡಿ, ಬಿಸಿನೀರಿನ ಚೀಲವನ್ನು ತಾಗಿಯೂ ತಾಗದಷ್ಟು ದೂರದಲ್ಲಿಟ್ಟು, ಅದರ ನಡುವೆ ಬಟ್ಟಲನ್ನು ಕೂರಿಸಿದಳು. ಒಮ್ಮೆಗೇ ಹೆಚ್ಚು ರಸ ಹೊಯ್ಯಬೇಡಿ, ಮೊದಲು ಒಂದು ಚಮಚ, ಜೀರ್ಣವಾದರೆ ಇನ್ನೊಂದು ಎಂದಳು. ಅತ್ತೆ ಚಮಚ ಹಿಡಿದು ಅವಳು ಹೇಳಿದ ಹಾಗೆ ಮಾಡಿದಳು. ಒಂದು ದಿನ ಕಳೆಯುವುದರಲ್ಲಿ ಬಟ್ಟಲಿನ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆಯೊಂದು ಕಾಣಿಸಿತು. ಇಬ್ಬರೂ ಬಗ್ಗಿ ನೋಡುತ್ತಿರುವಾಗ ಅದು ಒಡೆಯಿತು, ಅಲ್ಲೇ ಇನ್ನೆರಡು ಎದ್ದವು. ಬಟ್ಟಲು ಪಾತ್ರೆಯಾಯಿತು, ಪಾತ್ರೆ ಕೊಡವಾಯಿತು. ಮಗ ಡ್ಯೂಟಿ ಮುಗಿಸಿ ಬಂದವನು ಮಂಚದ ಮೇಲೆ ತನ್ನ ಕಂಬಳಿ ಹೊದ್ದು ಮಲಗಿದ್ದ ಕೊಡವನ್ನು ನೋಡಿ, ನಾನು ಎಲ್ಲಿ ಮಲಗಲಿ ಎಂದ. ಸೊಸೆ ಮೂಲೆಯ ಚಾಪೆ ತೋರಿಸಿದಳು.

ಕೊಡವನ್ನು ಒಂದು ಸಂಜೆ ತೊಟ್ಟಿಗೆ ಸುರಿದರು. ಇನ್ನು ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ತೊಟ್ಟಿ ಸುಮ್ಮನಿತ್ತು. ಕತ್ತರಿಯಮ್ಮ ಬೆಂಚಿನ ಮೇಲೆ ಕೂತು, ಕೈ ಖಾಲಿ ಇರಬಾರದೆಂದು, ಬಳ್ಳಿ ಕತ್ತರಿಸುವ ಕತ್ತರಿಯನ್ನು ಸಾಣೆಕಲ್ಲಿಗೆ ತಿಕ್ಕುತ್ತಿದ್ದಳು. ಸೊಸೆ ಓಣಿಯ ಕಡೆಯಿಂದ ಬಂದು ಬಲಗಡೆ ಕೂತಳು. ಬೆಳಿಗ್ಗೆಯಿಂದ ಕೇಳುತ್ತಿದ್ದ ಸುತ್ತಿಗೆ ನಡುವೆ ಸ್ವಲ್ಪ ಹೊತ್ತು ನಿಂತಿದ್ದನ್ನು ಕತ್ತರಿಯಮ್ಮ ಗಮನಿಸಿರಲಿಲ್ಲ. ಆ ಕಡೆ ಇದ್ದದ್ದು ಕೆಟ್ಟ ಕಿವಿ.

"ಪೀಪಾಯಿಯವರ ಹತ್ರ ಹೋಗಿದ್ದೆ" ಎಂದಳು ಸೊಸೆ. "ತೊಳೆದಿದ್ದು ನಾನು ಅಂತ ಹೇಳಿ ಬಂದೆ."

ಸಾಣೆಕಲ್ಲಿನ ಮೇಲೆ ಕೈ ನಿಂತಿತು. "ಯಾಕೆ ಹೇಳಿದೆ? ಇನ್ನು ನಿನ್ನನ್ನ ಬಿಡ್ತಾನಾ ಅವನು? ಏನಂದ?"

"ಏನೂ ಅನ್ನಲಿಲ್ಲ. ಸುತ್ತಿಗೆ ಕೆಳಗಿಟ್ರು. ನಿಮ್ಮತ್ತೆ ನಿನ್ನನ್ನ ಏನಂತ ಕರೀತಾಳೆ ಅಂತ ಕೇಳಿದ್ರು. ಮಗಳೇ ಅಂತಾರೆ ಅಂದೆ." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಬಿರುಕುಗಳು ಮಾಯುತ್ತ ಬಂದಿದ್ದವು. "ಹಾಗಿದ್ರೆ ಹೆಸರು ಇಟ್ಟಾಯ್ತಲ್ಲ, ಮತ್ತೆ ನನ್ನ ಹತ್ರ ಯಾಕೆ ಬಂದೆ, ಹೋಗು ಅಂದ್ರು."

ಓಣಿಯ ತುದಿಯಲ್ಲಿ ಸುತ್ತಿಗೆ ಬೀಳುತ್ತಿತ್ತು. ಪಟ್ಟಿ ಬಿಗಿಯಾಗುತ್ತ ಬಂದಿರಬೇಕು, ಸದ್ದು ತಿಳಿಯಾಗಿತ್ತು. ಕತ್ತರಿಯಮ್ಮ ಕತ್ತರಿಯ ಅಲಗನ್ನು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮುಖ ತೋರಿಸಲು ಇಷ್ಟವಿಲ್ಲದವರು ಹಾಗೆಯೇ ಏನನ್ನಾದರೂ ಒರೆಸುತ್ತಾರೆ. ಆಮೇಲೆ ಕತ್ತರಿಯನ್ನು ತಿರುಗಿಸಿ, ಹಿಡಿಯನ್ನು ಸೊಸೆಯ ಕಡೆಗೆ ಮಾಡಿ, ಅವಳ ಮಡಿಲಲ್ಲಿಟ್ಟಳು.

"ತಗೋ, ಇಟ್ಕೋ. ಚಳಿ ಬಂದ ಮೇಲೆ ನೀನೇ ಕತ್ತರಿಸಬೇಕು, ನನಗೆ ಬೆನ್ನು ಬಗ್ಗಲ್ಲ. ಬಾವಿ ಪಕ್ಕದ ಸಾಲಿಂದ ಶುರು ಮಾಡು. ಹೋದ ವರ್ಷದ ಕಡ್ಡಿ ಯಾವುದು ಅಂತ ಮೊದಲು ನೋಡ್ಕೋಬೇಕು, ಕಂದು ಬಣ್ಣಕ್ಕಿರುತ್ತೆ, ಅದನ್ನ ಪೂರ್ತಿ ತೆಗೀಬಾರದು. ಬುಡದಿಂದ ಎಣಿಸಿ ಎರಡು ಕಣ್ಣು ಬಿಟ್ಟು, ಅದರ ಮೇಲೆ ಸ್ವಲ್ಪ ಓರೆಯಾಗಿ, ನೀರು ನಿಲ್ಲದ ಹಾಗೆ, ನಾನು ಅವತ್ತು ಮಾಡಿದ ಹಾಗಲ್ಲ, ಕತ್ತರಿನ ಹೀಗೆ ಹಿಡ್ಕೊಂಡು—"

ಅವಳ ತಲೆ ಕಿಂಡಿಯ ಕಡೆಗೆ ವಾಲಿತು. ದೂರದಲ್ಲೆಲ್ಲೋ ಮಳೆ ಹಿಡಿದ ಹಾಗಿತ್ತು, ಅಂಗಳದಲ್ಲಿ ಬಿಸಿಲು ಹೊಳೆಯುತ್ತಿತ್ತು. ಅವಳು ಬೆಂಚಿಗೆ ಕೈಯೂರಿ ಎದ್ದಳು, ಗೋಡೆಗೆ ಒರಗಿಸಿದ್ದ ಒತ್ತುಕೋಲನ್ನು ಎತ್ತಿಕೊಂಡಳು.

"ಹಿಡ್ಕೊಂಡು, ಅತ್ತೆ?" ಎಂದಳು ಸೊಸೆ.

"ಹಿಡ್ಕೊಂಡು, ಆ ಮೇಲಿನ ಕಣ್ಣಿಗೆ ತಾಗದ ಹಾಗೆ" ಎನ್ನುತ್ತ ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು, "ಒಂದೇ ಸಲಕ್ಕೆ, ಬೆರಳು ಈ ಕಡೆ ಇಟ್ಟು, ಆಮೇಲೆ—"